ವಂಶವೃಕ್ಷದಲ್ಲಿ ಬದುಕಿರುವವರು

ಉತ್ತರ ಕರ್ನಾಟಕದ ಹಳ್ಳಿಗಳಿಗೆ ಕೆಲವು ವರ್ಷಗಳಿಗೊಮ್ಮೆ ಹೆಳವರು ಬರುವುದುಂಟು. ಮನೆತನಗಳ ವಂಶಾವಳಿಯನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬರುವುದೇ ಈ ಅಲೆಮಾರಿ ಜನರ ಕುಲವೃತ್ತಿ. ಹೆಳವನೆಂದರೆ ಕುಂಟನೆಂದು ಅರ್ಥ. ಇವರು ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಊರನ್ನು ಪ್ರವೇಶಿಸುತ್ತಿದ್ದರೆಂದೂ, ಮನೆಮನೆಗೆ ಹೋಗಿ ಆಯಾ ಮನೆತನದ ಚರಿತ್ರೆಯನ್ನು ಹೇಳುತ್ತಿದ್ದರೆಂದೂ ಎಡ್ಗರ್ ಥರ್ಸ್ಟನ್ ಅವರು 1909ರಲ್ಲಿ ಪ್ರಕಟವಾದ, ದಕ್ಷಿಣ ಭಾರತದ ಜನವರ್ಗಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ತಿಳಿಸಿದ್ದಾರೆ. ಹೆಳವನು ಮನೆಯ ಮುಂದೆ ನಿಂತು ಮೂಲಪುರುಷನಿಂದ ಮೊದಲುಗೊಂಡು ಒಂದೊಂದೇ ತಲೆಮಾರಿನ ಹೆಸರುಗಳನ್ನು ಹೇಳುತ್ತಾ ಬರುವಾಗ, ತಮ್ಮ ಅಜ್ಜ ಮುತ್ತಜ್ಜಂದಿರ ಹೆಸರನ್ನು ಕೇಳಿ ಮನೆಯವರು ಹಿಗ್ಗುತ್ತಾರೆ. ಬಳಿಕ ದವಸ, ಬಟ್ಟೆ, ಹಣಗಳನ್ನು ಕೊಟ್ಟು ಅವನನ್ನು ಗೌರವಿಸಿ ಕಳುಹಿಸುತ್ತಾರೆ.

ಈ ಪದ್ಧತಿಯಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಯಾವ ಮನೆಯ ವಂಶಾವಳಿಯೋ ಆ ಮನೆಯ ಅಂಗಳದಲ್ಲಿಯೇ ಅದನ್ನು ಹೇಳುವುದು ವಾಡಿಕೆ. ಕೇಳುವವರು ಆ ಮನೆಯವರು ಮತ್ತು ಅವರು ಬರಮಾಡಿಕೊಂಡ ನೆರೆಹೊರೆಯವರು. ಇನ್ನು ಹಿಂದಿನ ಭೇಟಿಯ ಅನಂತರ ಹುಟ್ಟಿದ ಮಕ್ಕಳ ಹೆಸರುಗಳನ್ನು ಹೆಳವನು ಮನೆಯವರನ್ನು ಕೇಳಿ ತಿಳಿದುಕೊಂಡು ಸೇರಿಸುತ್ತಾನೆ. ಹೀಗೆ ವಂಶದ ಮಾಹಿತಿಗೆ ಒಂದು ಹೊಸ್ತಿಲು ಇದ್ದಿತು. ಆ ಹೊಸ್ತಿಲಲ್ಲಿ ಕೇಳಿ ತಿಳಿಯುವ ಮರ್ಯಾದೆಯೂ ಇದ್ದಿತು.

ಇಂತಹ ವೃತ್ತಿಯವರು ಭಾರತದ ಬೇರೆ ಭಾಗಗಳಲ್ಲಿಯೂ ಇದ್ದಾರೆ. ಗಂಗಾತೀರದ ಹರಿದ್ವಾರದಲ್ಲಿ ಪಂಡರು ತಮ್ಮ ಯಾತ್ರಿಕರ ಕುಟುಂಬಗಳ ವಿವರಗಳನ್ನು ವಹಿಗಳೆಂಬ ಉದ್ದನೆಯ ಪುಸ್ತಕಗಳಲ್ಲಿ ಬರೆದಿಟ್ಟಿರುತ್ತಾರೆ. ಯಾತ್ರಿಕನು ತನ್ನ ಊರನ್ನೂ ಮನೆತನವನ್ನೂ ಹೇಳಿದರೆ, ಅವನ ಪೂರ್ವಜರು ಎಂದು ಬಂದಿದ್ದರೆಂಬುದನ್ನು ತೆಗೆದು ತೋರಿಸುತ್ತಾರೆ. 1970ರ ದಶಕದ ಕೊನೆಯ ಭಾಗದಿಂದ ಈ ವಹಿಗಳನ್ನು ಅಮೆರಿಕದ ಯೂಟಾ ವಂಶಶೋಧನ ಸಂಘವು ಕಿರುಚಿತ್ರಗಳ ಸುರುಳಿಯ ಮೇಲೆ ಇಳಿಸಿಕೊಂಡಿತು. ಪುಸ್ತಕವು ಸುರುಳಿಯಾಯಿತು; ಸುರುಳಿಯ ಕಾಲವೂ ಕಳೆದು ಅಂತರ್ಜಾಲದ ಕಾಲ ಬಂದಿತು. ಇಂದು ಮೊಬೈಲು ಫೋನುಳ್ಳ ಯಾರೇ ಆಗಲಿ ತಮ್ಮ ಮನೆತನದ ವಂಶವೃಕ್ಷವನ್ನು ತಾವೇ ರಚಿಸಿ, ಅದನ್ನು ಅಂತರ್ಜಾಲದಲ್ಲಿ ಇಡಬಹುದಾಗಿದೆ. ಹೆಳವನ ಕೆಲಸವನ್ನು ಈಗ ಮನೆಯ ಹುಡುಗನೋ ಹುಡುಗಿಯೋ ಮಾಡುವಂತಾಗಿದೆ. ಆದರೆ ಹೆಳವನಿಗಿದ್ದ ಹೊಸ್ತಿಲು ಅಂತರ್ಜಾಲದಲ್ಲಿ ತಾನಾಗಿಯೇ ಇರುವುದಿಲ್ಲ. ಅದನ್ನು ಕಟ್ಟಿಕೊಳ್ಳಬೇಕಾಗುತ್ತದೆ.

ವಂಶಾವಳಿಯ ಅಗತ್ಯವೇನೆಂದು ಕೇಳಬಹುದು. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ದೋರನಹಳ್ಳಿಯಂತಹ ಊರಿನಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಾಗಿ ದೊರೆಯುತ್ತದೆ. ಮನೆಯ ಹಿರಿಯನು ತೀರಿಕೊಂಡಾಗ ಅವನ ಹೆಸರಿನಲ್ಲಿದ್ದ ಹೊಲವನ್ನು ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಲು ವಂಶವೃಕ್ಷದ ಪತ್ರವನ್ನು ಒದಗಿಸಬೇಕು. ಅದಕ್ಕಾಗಿ ಜನರು ನಾಡಕಚೇರಿಗೆ ಅಲೆಯುತ್ತಾರೆ. ಈ ಪ್ರದೇಶವು 1948ರ ಸೆಪ್ಟೆಂಬರ್ 17ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ನಿಜಾಮರ ಕಾಲದಲ್ಲಿ ಆಡಳಿತದ ಭಾಷೆ ಉರ್ದುವಾಗಿದ್ದುದರಿಂದ, ಮುತ್ತಜ್ಜನ ಹೆಸರಿರುವ ಹಳೆಯ ಕಾಗದವು ಕೈಗೆ ಸಿಕ್ಕರೂ ಅದನ್ನು ಓದಬಲ್ಲವರು ಇಂದಿನ ಮನೆಗಳಲ್ಲಿ ವಿರಳ. 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ 371-ಜೆ ವಿಧಿಯ ಸೌಲಭ್ಯವನ್ನು ಪಡೆಯಬೇಕಾದರೂ ತಾನು ಅಥವಾ ತನ್ನ ತಂದೆತಾಯಿಗಳು ಈ ನಾಡಿನವರೆಂಬುದಕ್ಕೆ ದಾಖಲೆ ಬೇಕು. ಹಳೆಯ ವಂಶಾವಳಿಗಳಲ್ಲಿ ಬಹುಮಟ್ಟಿಗೆ ಗಂಡುಮಕ್ಕಳ ಹೆಸರುಗಳೇ ಇರುತ್ತಿದ್ದವು. ಆದರೆ ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದಲೂ, ದೇಶಕ್ಕೆಲ್ಲ 2005ರ ತಿದ್ದುಪಡಿಯಿಂದಲೂ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಾನ ಹಕ್ಕು ದೊರೆತಿದೆ. ಆದುದರಿಂದ ಅವರ ಹೆಸರುಗಳೂ ವಂಶವೃಕ್ಷದಲ್ಲಿ ಇರಲೇಬೇಕಾಗಿದೆ.

ಕಚೇರಿಯ ಅಗತ್ಯಕ್ಕಿಂತ ಮಿಗಿಲಾದ ಇನ್ನೊಂದು ಕಾರಣವೂ ಉಂಟು. ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ಭಾಗದ ಜನರು ಗುಳೆ ಹೊರಟು ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳನ್ನು ಸೇರುತ್ತಾರೆ. ಕೆಲವರು ಅಲ್ಲಿಯೇ ನೆಲೆಸುತ್ತಾರೆ. ಓದಿದವರು ವಿದೇಶಗಳಿಗೂ ಹೋಗಿದ್ದಾರೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ಮಕ್ಕಳು ಒಬ್ಬರನ್ನೊಬ್ಬರು ಗುರುತಿಸದಂತಾಗುತ್ತಾರೆ. ಚೆದುರಿದ ಬಂಧುಬಳಗವನ್ನು ಒಂದೆಡೆ ಕಾಣುವ ಆಸೆಯಿಂದ ವಂಶವೃಕ್ಷವನ್ನು ರಚಿಸಹೊರಡುವುದು ಸಹಜವೂ ಮೆಚ್ಚತಕ್ಕುದೂ ಆಗಿದೆ.

ಅಂತರ್ಜಾಲದ ವಂಶವೃಕ್ಷದ ರಚನೆ ಸರಳವಾದುದು. ಪ್ರತಿಯೊಬ್ಬ ವ್ಯಕ್ತಿಗೂ ಒಂದೊಂದು ಮನೆ ಅಥವಾ ಚೌಕವಿರುತ್ತದೆ. ಆ ಚೌಕದಲ್ಲಿ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ಮದುವೆ, ಮರಣ, ಭಾವಚಿತ್ರ ಮುಂತಾದುವನ್ನು ತುಂಬಬಹುದು. ಚೌಕಗಳನ್ನು ಗೆರೆಗಳಿಂದ ಜೋಡಿಸಿದಾಗ ತಂದೆ, ತಾಯಿ, ಮಕ್ಕಳು, ದಂಪತಿಗಳು ಎಂಬ ಸಂಬಂಧಗಳು ಕಣ್ಣಿಗೆ ಕಾಣುತ್ತವೆ. ಈ ಸೌಕರ್ಯವನ್ನು ಒದಗಿಸುವ ಸಂಸ್ಥೆಗಳು ಹಲವಾರು ಇವೆ. ಕೆಲವು ಸಂಸ್ಥೆಗಳಲ್ಲಿ ಪ್ರತಿಯೊಂದು ಕುಟುಂಬದ ವೃಕ್ಷವೂ ಪ್ರತ್ಯೇಕ. ಮತ್ತೆ ಕೆಲವು ಸಂಸ್ಥೆಗಳಲ್ಲಿ ಜಗತ್ತಿಗೆಲ್ಲ ಸೇರಿ ಒಂದೇ ವೃಕ್ಷವಿದ್ದು, ಒಬ್ಬನು ಬರೆದುದನ್ನು ಎಂದೂ ಕಂಡರಿಯದ ಇನ್ನೊಬ್ಬನು ಮುಂದುವರಿಸಬಹುದು. 1894ರಲ್ಲಿ ಆರಂಭವಾದ ಯೂಟಾ ಸಂಘದ ಕೆಲಸವನ್ನು ಇಂದು ಮುಂದುವರಿಸಿರುವ ಫ್ಯಾಮಿಲಿಸರ್ಚ್ ಎಂಬುದು ಈ ಎರಡನೆಯ ಬಗೆಗೆ ಸೇರಿದುದು.

ಎಲ್ಲರಿಗೂ ತೆರೆದಿರುವ ಇಂತಹ ವೃಕ್ಷದಲ್ಲಿ ಬದುಕಿರುವವರ ವಿಷಯವೇನು? ಪ್ರಮುಖ ಸಂಸ್ಥೆಗಳು ತೀರಿಕೊಂಡವರಿಗೆ ಒಂದು ನಿಯಮವನ್ನೂ, ಬದುಕಿರುವವರಿಗೆ ಮತ್ತೊಂದು ನಿಯಮವನ್ನೂ ಇಟ್ಟುಕೊಂಡಿವೆ. ಫ್ಯಾಮಿಲಿಸರ್ಚಿನಲ್ಲಿ ಮೃತರ ವಿವರಗಳನ್ನು ಎಲ್ಲರೂ ನೋಡಬಹುದು. ಬದುಕಿರುವವರ ವಿವರಗಳನ್ನಾದರೋ ಅವುಗಳನ್ನು ಬರೆದವನ ಹೊರತು ಇತರರು ಕಾಣಲಾರರು. ಬಂಧುಗಳು ಸೇರಿ ಒಂದು ಗುಂಪನ್ನು ರಚಿಸಿಕೊಂಡರೆ, ಆ ಗುಂಪಿಗೆ ಆಹ್ವಾನಿತರಾದವರು ಮಾತ್ರ ತಮ್ಮ ನಡುವಿನ ಜೀವಂತ ಬಂಧುಗಳ ವಿವರಗಳನ್ನು ಹಂಚಿಕೊಳ್ಳುವ ಏರ್ಪಾಡೂ ಅಲ್ಲಿದೆ. ಒಬ್ಬ ವ್ಯಕ್ತಿಯ ಮರಣದ ಸುದ್ದಿ ದಾಖಲಾಗಿರದೆ, ಅವನು ಹುಟ್ಟಿ 110 ವರ್ಷಗಳು ತುಂಬಿರದಿದ್ದರೆ ಅವನು ಬದುಕಿರಬಹುದೆಂದೇ ಭಾವಿಸಲಾಗುತ್ತದೆ.

ಆದರೆ ಯಂತ್ರಕ್ಕೆ ತಿಳಿಯುವುದು ಮನುಷ್ಯನು ಅದಕ್ಕೆ ತಿಳಿಸಿದಷ್ಟೇ. ಬದುಕಿರುವ ಅಜ್ಜಿಯ ಚೌಕದಲ್ಲಿ ಮೊಮ್ಮಗನು ಅಜಾಗರೂಕತೆಯಿಂದ ಮೃತಳೆಂದು ಗುರುತು ಮಾಡಿದರೆ, ಅದುವರೆಗೆ ಮರೆಯಾಗಿದ್ದ ಆಕೆಯ ವಿವರಗಳು ಕ್ಷಣಮಾತ್ರದಲ್ಲಿ ಲೋಕಕ್ಕೆಲ್ಲ ತೆರೆದುಕೊಳ್ಳುತ್ತವೆ. ಮೃತನಾದ ಅಜ್ಜನ ಪುಟದಲ್ಲಿ ಮದುವೆಯ ಗುಂಪು ಚಿತ್ರವನ್ನು ಹಾಕಿದರೆ, ಅದರಲ್ಲಿರುವ ಬದುಕಿರುವವರ ಮುಖಗಳೂ ಅದರೊಡನೆ ಹೋಗುತ್ತವೆ. ಅಜ್ಜನ ಜೀವನಚರಿತ್ರೆಯ ಕೊನೆಯಲ್ಲಿ ಮಕ್ಕಳ ಹೆಸರು, ಉದ್ಯೋಗ, ವಾಸಸ್ಥಳಗಳನ್ನು ಬರೆದರೂ ಅದೇ ಫಲ. ಇದಲ್ಲದೆ ಒಂದು ವೃಕ್ಷವನ್ನು ಇಡಿಯಾಗಿ ಇನ್ನೊಂದೆಡೆಗೆ ಸಾಗಿಸಲು ಜೆಡ್‌ಕಾಮ್ ಎಂಬ ಒಂದು ಕಡತದ ಕ್ರಮವು 1984ರಿಂದ ಬಳಕೆಯಲ್ಲಿದೆ. ಕಳುಹಿಸುವ ಮೊದಲು ಬದುಕಿರುವವರನ್ನು ಬೇರ್ಪಡಿಸದಿದ್ದರೆ, ಅವರ ಹೆಸರುಗಳೂ ಆ ಕಡತದೊಡನೆ ಸಾಗಿಹೋಗುತ್ತವೆ. ಬಳಿಕ ಆ ಕಡತವು ಯಾರ ಕೈಗೆ ಹೋದೀತೆಂದು ಹೇಳಬಲ್ಲವರಿಲ್ಲ.

ತೀರಿಕೊಂಡವರಿಗೂ ಬದುಕಿರುವವರಿಗೂ ಈ ಭೇದವನ್ನು ಏಕೆ ಮಾಡಬೇಕು? ಮುತ್ತಜ್ಜನ ಜನ್ಮದಿನವು ಒಂದು ಚರಿತ್ರೆಯ ಸಂಗತಿ. ಬದುಕಿರುವ ಮೊಮ್ಮಗಳ ಜನ್ಮದಿನವಾದರೋ ಅವಳ ಬಾಳಿನ ಹಲವು ಬೀಗಗಳಿಗೆ ಕೀಲಿಕೈ. ಆಧಾರ್ ಪತ್ರದ ವಿದ್ಯುನ್ಮಾನ ಪ್ರತಿಯನ್ನು ತೆರೆಯುವ ಗುಪ್ತಪದವು, ಇಂಗ್ಲಿಷಿನಲ್ಲಿ ಬರೆದ ಹೆಸರಿನ ಮೊದಲ ನಾಲ್ಕು ಅಕ್ಷರಗಳು ಮತ್ತು ಹುಟ್ಟಿದ ವರ್ಷ, ಇವೆರಡರಿಂದ ಆದುದು. ಬ್ಯಾಂಕುಗಳು ಕಳುಹಿಸುವ ಲೆಕ್ಕಪತ್ರಗಳನ್ನೂ ಅನೇಕ ವೇಳೆ ಹೆಸರು ಮತ್ತು ಜನ್ಮದಿನಗಳನ್ನು ಸೇರಿಸಿಯೇ ತೆರೆಯಬೇಕಾಗುತ್ತದೆ. ತಾಯಿಯ ಹೆಸರೇನು, ಹುಟ್ಟಿದ ಊರು ಯಾವುದು ಎಂಬಂತಹ ಪ್ರಶ್ನೆಗಳನ್ನು ಕೇಳಿ ವ್ಯಕ್ತಿಯ ಗುರುತನ್ನು ಖಚಿತಪಡಿಸಿಕೊಳ್ಳುವ ರೂಢಿಯೂ ಇದೆ. ಇವೆಲ್ಲಕ್ಕೂ ಉತ್ತರವನ್ನು ವಂಶವೃಕ್ಷವು ಒಂದೇ ಪುಟದಲ್ಲಿ ಒದಗಿಸುತ್ತದೆ. ಯಾದಗಿರಿಯ ಕಡೆಗೆ ತನ್ನ ಹೆಸರು, ತಂದೆಯ ಹೆಸರು, ಮನೆತನದ ಅಡ್ಡಹೆಸರು ಈ ಮೂರನ್ನೂ ಸೇರಿಸಿ ಬರೆಯುವುದರಿಂದ, ಇಲ್ಲಿ ಒಂದು ಹೆಸರು ತಿಳಿದರೆ ಸಾಕು, ಎರಡು ತಲೆಮಾರುಗಳ ಪರಿಚಯವೇ ಆದಂತಾಗುತ್ತದೆ.

ಸಂಬಂಧಗಳನ್ನು ಬಲ್ಲ ವಂಚಕನ ಮಾತಿಗೆ ಬಲ ಹೆಚ್ಚು. ಹಳ್ಳಿಯಲ್ಲಿರುವ ವೃದ್ಧೆಗೆ ಅಪರಿಚಿತನೊಬ್ಬನು ಫೋನು ಮಾಡಿ ಹಣ ಕೇಳಿದರೆ ಆಕೆ ನಂಬಲಾರಳು. ಆದರೆ ಬೆಂಗಳೂರಿನಲ್ಲಿರುವ ಮಗನ ಹೆಸರನ್ನೂ, ಮೊಮ್ಮಕ್ಕಳ ಹೆಸರುಗಳನ್ನೂ, ಸೊಸೆಯ ತವರೂರನ್ನೂ ತಡವರಿಸದೆ ಹೇಳಿ, ಮಗನಿಗೆ ಅಪಘಾತವಾಗಿದೆಯೆಂದು ಗಾಬರಿಪಡಿಸಿದರೆ, ಆಕೆ ಕೂಡಿಟ್ಟ ಹಣವನ್ನೆಲ್ಲ ಕಳುಹಿಸಿಬಿಡಬಹುದು. ಇಂತಹ ಮೋಸಕ್ಕೆ ಈಡಾದವರು ತಡಮಾಡದೆ ತಿಳಿಸಲೆಂದು 1930 ಎಂಬ ದೂರವಾಣಿ ಸಂಖ್ಯೆಯನ್ನು ಸರ್ಕಾರವು ಏರ್ಪಡಿಸಿದೆ. ಆದರೂ ಹೋದ ಹಣವನ್ನು ಹುಡುಕುವುದಕ್ಕಿಂತ ಬಾಗಿಲನ್ನು ಮುಚ್ಚಿಕೊಳ್ಳುವುದೇ ಜಾಣತನ.

ಈ ಭಾಗದ ಹಿರಿಯರ ಜನ್ಮದಿನಕ್ಕೆ ಸಂಬಂಧಿಸಿದ ಒಂದು ವಿಶೇಷವನ್ನು ಇಲ್ಲಿ ನೆನೆಯಬೇಕು. ಜನನ ಮರಣಗಳ ನೋಂದಣಿ ಕಾಯಿದೆಯು 1969ರಲ್ಲಿ ಬಂದಿತಾದರೂ, ಹಳ್ಳಿಗಳಲ್ಲಿ ನೋಂದಣಿಯ ಅಭ್ಯಾಸವು ಬೇರೂರಲು ಬಹುಕಾಲ ಹಿಡಿಯಿತು. ಮಗುವನ್ನು ಶಾಲೆಗೆ ಸೇರಿಸುವ ದಿನ ಗುರುಗಳು ವಯಸ್ಸನ್ನು ಅಂದಾಜು ಮಾಡಿ, ಜೂನ್ 1 ಎಂದು ಬರೆದುಕೊಳ್ಳುವುದು ಸಾಮಾನ್ಯವಾಗಿದ್ದಿತು. ಹೀಗಾಗಿ ಅನೇಕ ಹಿರಿಯರಿಗೆ ಎರಡು ಜನ್ಮದಿನಗಳು ಇರುತ್ತವೆ: ಒಂದು ಶಾಲೆಯ ದಾಖಲೆಯದು, ಇನ್ನೊಂದು ಕಾರಹುಣ್ಣಿಮೆಯ ಮರುದಿನವೆಂದೋ ಬರಗಾಲದ ವರ್ಷವೆಂದೋ ತಾಯಿ ನೆನಪಿಟ್ಟುಕೊಂಡದ್ದು. ಮೊಮ್ಮಗನು ಅಭಿಮಾನದಿಂದ ಎರಡನೆಯದನ್ನು ಎಲ್ಲರೂ ಕಾಣುವಂತೆ ಬರೆದರೆ, ಅದು ನಿವೃತ್ತಿ ವೇತನದ ಅಥವಾ ಪಾಸ್‌ಪೋರ್ಟಿನ ದಾಖಲೆಗೆ ಹೊಂದದೆ ಹಿರಿಯರು ಇಲ್ಲದ ವಿಚಾರಣೆಗಳಿಗೆ ಉತ್ತರ ಹೇಳಬೇಕಾದೀತು. ಸತ್ಯವಾದ ಮಾತೂ ಹೇಳಬಾರದ ಕಡೆ ಹೇಳಿದರೆ ತೊಂದರೆ ತರಬಹುದು.

ಒಬ್ಬನ ಅಜಾಗರೂಕತೆಯು ಅವನೊಬ್ಬನನ್ನೇ ಬಾಧಿಸುವುದಿಲ್ಲ ಎಂಬುದು ವಂಶಾವಳಿಯ ವಿಷಯದಲ್ಲಿ ವಿಶೇಷವಾಗಿ ನಿಜ. ಎಂಜಲನ್ನು ಪರೀಕ್ಷಿಸಿ ಬಂಧುತ್ವವನ್ನು ತಿಳಿಸುವ ಟ್ವೆಂಟಿತ್ರೀ ಅಂಡ್ ಮಿ ಎಂಬ ಅಮೆರಿಕದ ಸಂಸ್ಥೆಯಲ್ಲಿ 2023ರಲ್ಲಿ ನಡೆದ ಘಟನೆಯು ಇದಕ್ಕೆ ನಿದರ್ಶನ. ಬೇರೆಡೆ ಬಳಸಿದ್ದ ಗುಪ್ತಪದವನ್ನೇ ಇಲ್ಲಿಯೂ ಬಳಸಿದ್ದ ಸುಮಾರು 14,000 ಮಂದಿಯ ಖಾತೆಗಳನ್ನು ಕಳ್ಳರು ಪ್ರವೇಶಿಸಿದರು. ಆದರೆ ಆ ಖಾತೆಗಳಿಗೆ ಬಂಧುತ್ವದ ಎಳೆಗಳಿಂದ ಇತರರ ವಿವರಗಳೂ ಕೂಡಿಕೊಂಡಿದ್ದವು. ಆದಕಾರಣ ಸುಮಾರು 69 ಲಕ್ಷ ಜನರ ಮಾಹಿತಿಯು ಅವರ ಕೈಸೇರಿತು. ತಮ್ಮ ಬಾಗಿಲನ್ನು ಭದ್ರವಾಗಿ ಮುಚ್ಚಿದ್ದವರೂ ಬಂಧುಗಳ ತೆರೆದ ಬಾಗಿಲಿನಿಂದ ನಷ್ಟ ಅನುಭವಿಸಿದರು. 2025ರ ಮಾರ್ಚ್ ತಿಂಗಳಿನಲ್ಲಿ ಅದೇ ಸಂಸ್ಥೆಯು ನ್ಯಾಯಾಲಯದಲ್ಲಿ ದಿವಾಳಿಯ ಅರ್ಜಿಯನ್ನು ಸಲ್ಲಿಸಿದಾಗ, ಅದರ ಬಳಿಯಿದ್ದ ಮಾಹಿತಿಯು ಮುಂದೆ ಯಾರದಾಗುವುದೆಂಬ ಕಳವಳ ಉಂಟಾಯಿತು. ಸಂಸ್ಥೆಗಳು ಹುಟ್ಟುತ್ತವೆ, ಕೈ ಬದಲಾಗುತ್ತವೆ, ಮುಚ್ಚಿಯೂ ಹೋಗುತ್ತವೆ. ಒಮ್ಮೆ ಒಪ್ಪಿಸಿದ ಮಾಹಿತಿಯನ್ನು ಹಿಂದಕ್ಕೆ ಪಡೆಯುವುದು ಕಷ್ಟ.

ಹಣದ ನಷ್ಟಕ್ಕಿಂತ ದೊಡ್ಡ ನಷ್ಟಗಳೂ ಉಂಟು. ದತ್ತುಮಗುವೊಂದು ತನ್ನ ಹುಟ್ಟಿನ ವಿಷಯವನ್ನು ಹೆತ್ತವರಂತೆ ಸಾಕಿದವರ ಬಾಯಿಂದ, ತಕ್ಕ ಸಮಯದಲ್ಲಿ ಕೇಳಬೇಕೇ ಹೊರತು ಯಾರೋ ಬರೆದ ಪುಟದಿಂದ ಓದಿ ತಿಳಿಯಬಾರದು. ಮುರಿದುಹೋದ ಮದುವೆಯನ್ನು ಮರೆತು ಹೊಸ ಬಾಳನ್ನು ಕಟ್ಟಿಕೊಂಡವರು ಆ ಹಳೆಯ ಗೆರೆಯನ್ನು ಮತ್ತೆ ನೋಡಲು ಬಯಸಲಾರರು. ಮನೆಯವರ ವಿರೋಧವಿದ್ದರೂ ಬೇರೆ ಜಾತಿಯವರನ್ನು ವಿವಾಹವಾಗಿ ದೂರದ ನಗರದಲ್ಲಿ ನೆಲೆಸಿದ ಹೆಣ್ಣುಮಗಳಿಗೆ ತನ್ನ ವಿಳಾಸವು ಬಯಲಾಗುವುದೆಂದರೆ ಪ್ರಾಣಭಯವೇ ಆಗಿರಬಹುದು. ಇಂತಹ ಸಂದರ್ಭದಲ್ಲಿ ಅಪಾಯವು ಅಪರಿಚಿತರಿಂದಲ್ಲ, ಬಂಧುಗಳಿಂದಲೇ ಬರಬಹುದು. ಆದುದರಿಂದ ಹೊರಗಿನವರಿಗೆ ಕಾಣದಂತೆ ಬೀಗ ಹಾಕಿದ ಮಾತ್ರಕ್ಕೆ ಹೊಣೆ ಮುಗಿಯಲಿಲ್ಲ. ಬದುಕಿರುವ ವ್ಯಕ್ತಿಯ ಮಾಹಿತಿಯು ಮೊದಲು ಆ ವ್ಯಕ್ತಿಯದು, ಅನಂತರ ಮನೆತನದ್ದು.

ಈ ತತ್ತ್ವಕ್ಕೆ ಭಾರತದ ಅತ್ಯುನ್ನತ ನ್ಯಾಯಾಲಯದ ಮನ್ನಣೆಯೂ ದೊರೆತಿದೆ. ಅದನ್ನು ತಂದುಕೊಟ್ಟ ಮೊಕದ್ದಮೆಗೆ ಕರ್ನಾಟಕದವರೊಬ್ಬರ ಹೆಸರಿದೆ ಎಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಆಗ ಅವರ ವಯಸ್ಸು ಎಂಬತ್ತನ್ನು ಮೀರಿದ್ದಿತು. ಆ ಮೊಕದ್ದಮೆಯಲ್ಲಿ ಎದ್ದ ಪ್ರಶ್ನೆಯನ್ನು ವಿಚಾರಿಸಿದ ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಖಾಸಗಿತನವು ಸಂವಿಧಾನವು ರಕ್ಷಿಸುವ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಪುಟ್ಟಸ್ವಾಮಿಯವರು 2024ರಲ್ಲಿ ನಿಧನರಾದರು.

ಅನಂತರ 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆಯನ್ನು ಅಂಗೀಕರಿಸಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಾಯಿದೆಯು ಹಂತಹಂತವಾಗಿ ಜಾರಿಗೆ ಬರುವಂತೆ ಏರ್ಪಡಿಸಲಾಗಿದೆ. ಹದಿನೆಂಟು ವರ್ಷ ತುಂಬದವರನ್ನು ಈ ಕಾಯಿದೆಯು ಮಕ್ಕಳೆಂದು ಪರಿಗಣಿಸಿ, ಸಂಸ್ಥೆಗಳು ಅವರ ಮಾಹಿತಿಯನ್ನು ಬಳಸುವ ಮುನ್ನ ತಂದೆತಾಯಿಗಳ ಅಥವಾ ಪೋಷಕರ ಒಪ್ಪಿಗೆಯನ್ನು ಪಡೆಯಬೇಕೆಂದು ವಿಧಿಸಿದೆ. ಆದರೆ ವ್ಯಕ್ತಿಯೊಬ್ಬನು ಕೇವಲ ಸ್ವಂತದ ಅಥವಾ ಮನೆವಾರ್ತೆಯ ಉದ್ದೇಶಕ್ಕಾಗಿ ಬಳಸುವ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ತನ್ನ ಬಂಧುಗಳ ಪಟ್ಟಿಯನ್ನು ಮನೆಯ ಮಟ್ಟಿಗೆ ಇಟ್ಟುಕೊಂಡವನನ್ನು ಕಾನೂನು ಪ್ರಶ್ನಿಸುವುದಿಲ್ಲ. ಕಾನೂನು ಮನೆಯೊಳಗೆ ಕಾಲಿಡದ ಕಡೆಯಲ್ಲಿ ಮನುಷ್ಯನ ವಿವೇಕವೇ ಕಾವಲುಗಾರನಾಗಬೇಕು.

ಈ ವಿವೇಕವನ್ನು ಬಳಸುವ ಬಗೆ ಹೇಗೆ? ದೋರನಹಳ್ಳಿಯ ಒಂದು ಒಕ್ಕಲು ಮನೆತನವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಎಂಬತ್ತು ದಾಟಿದ ಆಯಿ ಊರಿನಲ್ಲಿದ್ದಾಳೆ. ದೊಡ್ಡಪ್ಪನು ಹತ್ತಿ, ತೊಗರಿಗಳನ್ನು ಬೆಳೆಯುತ್ತಾ ಹೊಲವನ್ನು ನೋಡಿಕೊಳ್ಳುತ್ತಿದ್ದಾನೆ. ಕಾಕಾ ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುತ್ತಾನೆ. ಸೋದರತ್ತೆಯನ್ನು ಸುರಪುರಕ್ಕೆ ಕೊಟ್ಟಿದೆ. ಆಕೆಯ ಮಗಳು ತಾನೇ ಮೆಚ್ಚಿದವನನ್ನು ಮದುವೆಯಾಗಿ ಪುಣೆಯಲ್ಲಿದ್ದಾಳೆ. ಯಾದಗಿರಿಯ ಕಾಲೇಜಿನಲ್ಲಿ ಓದುವ ಹಿರಿಯ ಮೊಮ್ಮಗನಿಗೆ ವಂಶವೃಕ್ಷವನ್ನು ರಚಿಸುವ ಉತ್ಸಾಹ ಹುಟ್ಟುತ್ತದೆ. ಆಯಿಯ ಬಳಿ ಕುಳಿತು ಅವನು ಆರು ತಲೆಮಾರುಗಳ ಹೆಸರುಗಳನ್ನು ಬರೆದುಕೊಳ್ಳುತ್ತಾನೆ. ತಾನು ಬರೆದುದನ್ನೆಲ್ಲ ದೇಶವಿದೇಶದವರೂ ನೋಡಬಹುದೆಂದು ಅವನು ಹಿಗ್ಗಿನಿಂದ ಹೇಳಿದಾಗ ಆಯಿ ಅವನನ್ನು ತಡೆಯುತ್ತಾಳೆ. "ಸತ್ತವರ ಹೆಸರು ಊರಿಗೆಲ್ಲಾ ಹೇಳಪ್ಪಾ, ಇದ್ದವರದು ಅವರನ್ನ ಕೇಳಿ ಹೇಳು" ಎನ್ನುತ್ತಾಳೆ. ಶಾಲೆಯ ಮುಖವನ್ನೇ ಕಾಣದ ಆಕೆಯ ಈ ಮಾತಿನಲ್ಲಿ ಇಡೀ ವಿಷಯದ ಸಾರವೇ ಅಡಗಿದೆ.

ಮೊಮ್ಮಗನು ಕೆಲಸವನ್ನು ಎರಡು ಭಾಗ ಮಾಡಿಕೊಳ್ಳುತ್ತಾನೆ. ತೀರಿಕೊಂಡ ಹಿರಿಯರನ್ನು ತೆರೆದ ವೃಕ್ಷದಲ್ಲಿ ಇಡುತ್ತಾನೆ. ಅದರಿಂದ ಎಂದೋ ಊರು ಬಿಟ್ಟುಹೋದ ಮುತ್ತಜ್ಜನ ತಮ್ಮನ ಸಂತತಿಯವರು ಸಿಕ್ಕಿದರೂ ಸಿಕ್ಕಬಹುದು. ಬದುಕಿರುವವರಿಗಾಗಿ ಬೇರೆಯೇ ಒಂದು ಮುಚ್ಚಿದ ಗುಂಪನ್ನು ರಚಿಸಿ, ಒಬ್ಬೊಬ್ಬರನ್ನೂ ಕೇಳಿ ಆಹ್ವಾನಿಸುತ್ತಾನೆ. ಕೇಳುವುದೆಂದರೆ ಸುಮ್ಮನೆ ಹೂಂ ಎನ್ನಿಸಿಕೊಳ್ಳುವುದಲ್ಲ. ಯಾವ ಯಾವ ವಿವರಗಳನ್ನು ಬರೆಯಲಾಗುವುದು, ಯಾರು ಯಾರು ನೋಡುವರು, ಬೇಡವೆನಿಸಿದಾಗ ತೆಗೆಸುವುದು ಹೇಗೆ ಎಂಬ ಮೂರು ಮಾತುಗಳನ್ನು ತಿಳಿಯಹೇಳಬೇಕು. ಕಾಕಾ ತನ್ನ ಹೆಸರಿರಲಿ, ಫೋನು ಸಂಖ್ಯೆ ಬೇಡವೆನ್ನುತ್ತಾನೆ. ದೊಡ್ಡಪ್ಪನು ಎಲ್ಲವನ್ನೂ ಬರೆಯೆನ್ನುತ್ತಾನೆ. ಪುಣೆಯ ಅಕ್ಕನ ಪರವಾಗಿ ಸೋದರತ್ತೆಯು ಒಪ್ಪಿದರೂ ಮೊಮ್ಮಗನು ಅಷ್ಟಕ್ಕೆ ತೃಪ್ತನಾಗದೆ ಅಕ್ಕನನ್ನೇ ಕೇಳುತ್ತಾನೆ. ತನ್ನ ಗಂಡನ ಹೆಸರೂ ತಾನಿರುವ ಊರೂ ಸದ್ಯಕ್ಕೆ ಬೇಡವೆಂದು ಆಕೆ ಹೇಳುತ್ತಾಳೆ. ಏಕೆಂದು ಅವನು ಕೇಳುವುದಿಲ್ಲ. ಆಕೆಯ ಚೌಕದಲ್ಲಿ ಹೆಸರಿನ ಹೊರತು ಬೇರೇನನ್ನೂ ಬರೆಯುವುದಿಲ್ಲ. ಅರ್ಧ ಖಾಲಿಯಿರುವ ಆ ಚೌಕವು ವೃಕ್ಷದ ಕೊರತೆಯಲ್ಲ. ಮನೆಯವರು ಅವಳಿಗೆ ಸಲ್ಲಿಸಿದ ಗೌರವ.

ಗುಂಪಿನೊಳಗೂ ಮಿತವಾಗಿರುವುದು ಲೇಸು. ಹುಟ್ಟುಹಬ್ಬದ ಶುಭಾಶಯ ಕಳುಹಿಸಲು ದಿನ ಮತ್ತು ತಿಂಗಳು ಸಾಕು, ವರ್ಷದ ಅಗತ್ಯವಿಲ್ಲ. ಆಧಾರ್ ಸಂಖ್ಯೆ, ಬ್ಯಾಂಕಿನ ವಿವರ, ರೋಗರುಜಿನಗಳ ಸಂಗತಿ, ಮನೆಯ ಪೂರ್ಣ ವಿಳಾಸ ಇವು ವಂಶವೃಕ್ಷಕ್ಕೆ ಸೇರಿದುವೇ ಅಲ್ಲ. ಮಕ್ಕಳ ಭಾವಚಿತ್ರವನ್ನೂ ಅವರ ಶಾಲೆಯ ಹೆಸರನ್ನೂ ಒಟ್ಟಿಗೆ ಇಡಬಾರದು. ಒಬ್ಬರು ಗುಂಪಿನಲ್ಲಿ ಕಂಡುದನ್ನು ಚಿತ್ರ ತೆಗೆದು ಹೊರಗೆ ಕಳುಹಿಸಬಾರದೆಂಬ ಒಪ್ಪಂದ ಎಲ್ಲರಲ್ಲಿಯೂ ಇರಬೇಕು. ಏಕೆಂದರೆ ಯಂತ್ರದ ಬೀಗವು ಒಳಗಿನವರ ಮಾತನ್ನು ಕಟ್ಟಿಹಾಕಲಾರದು. ಗುಪ್ತಪದವು ಈ ಖಾತೆಗೇ ಪ್ರತ್ಯೇಕವಾಗಿರಬೇಕು. ತಾನಿಲ್ಲದ ಕಾಲಕ್ಕೆ ಈ ವೃಕ್ಷವನ್ನು ನೋಡಿಕೊಳ್ಳತಕ್ಕವರು ಯಾರೆಂಬುದನ್ನೂ ಮೊದಲೇ ಗೊತ್ತುಮಾಡಿರಬೇಕು. ಮಕ್ಕಳ ಹೆಸರನ್ನು ತಂದೆತಾಯಿಗಳು ಇಂದು ಸೇರಿಸಿದ್ದರೂ, ಆ ಮಕ್ಕಳು ದೊಡ್ಡವರಾದ ಮೇಲೆ ಮತ್ತೊಮ್ಮೆ ಅವರನ್ನೇ ಕೇಳುವುದು ನ್ಯಾಯ.

ಎಲ್ಲವನ್ನೂ ಮುಚ್ಚಿಡುವುದಾದರೆ ವಂಶವೃಕ್ಷದಿಂದ ಪ್ರಯೋಜನವೇನೆಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಬಂಧುಗಳು ಒಬ್ಬರನ್ನೊಬ್ಬರು ಅರಿಯಬೇಕಾದರೆ ಸ್ವಲ್ಪವಾದರೂ ತೆರೆದುಕೊಳ್ಳಲೇಬೇಕು. ಹೇಳದೆ ಉಳಿದ ಹೆಸರುಗಳು ಹೇಳಬಲ್ಲವರೊಡನೆಯೇ ಮಣ್ಣಾಗುತ್ತವೆ. ಆದುದರಿಂದ ಬರೆದಿಡುವುದನ್ನು ಬಿಡಬೇಕಾಗಿಲ್ಲ. ಎಲ್ಲವನ್ನೂ ಮನೆಯ ಪುಸ್ತಕದಲ್ಲಿ ಬರೆದಿಡಬಹುದು. ಕೆಲವನ್ನು ಬಂಧುಗಳೊಡನೆ ಹಂಚಿಕೊಳ್ಳಬಹುದು. ಇನ್ನೂ ಕೆಲವನ್ನು ಮಾತ್ರ ಲೋಕಕ್ಕೆ ತೋರಿಸಬಹುದು. ಕಾಲ ಕಳೆದಂತೆ ಇಂದು ಮುಚ್ಚಿಟ್ಟುದು ತಾನಾಗಿಯೇ ಚರಿತ್ರೆಯಾಗುತ್ತದೆ. ಆಗ ಅದನ್ನು ತೆರೆಯುವ ಕೆಲಸವನ್ನು ಮುಂದಿನ ತಲೆಮಾರಿನವರು ಮಾಡಿಯಾರು.

ಹೆಳವನು ಬಂದಾಗ ಮನೆಯವರು ಅವನನ್ನು ಅಂಗಳಕ್ಕೆ ಕರೆದು ಕೂರಿಸುತ್ತಾರೆ. ಹೊಸ ಹೆಸರುಗಳನ್ನು ಅವನು ಕೇಳುತ್ತಾನೆ, ಹಿರಿಯರು ಹೇಳುತ್ತಾರೆ. ಈ ಕರೆಯುವ, ಕೇಳುವ, ಹೇಳುವ ಕ್ರಮದಲ್ಲಿ ವಂಶದ ಮೇಲಿನ ಅಭಿಮಾನವೂ ವ್ಯಕ್ತಿಯ ಮೇಲಿನ ಗೌರವವೂ ಜೊತೆಗೂಡಿವೆ. ಅಂತರ್ಜಾಲದಲ್ಲಿ ವಂಶವೃಕ್ಷವನ್ನು ನೆಡುವ ಇಂದಿನ ತರುಣರು ಹೊಸ ಉಪಕರಣದ ಜೊತೆಗೆ ಈ ಹಳೆಯ ಮರ್ಯಾದೆಯನ್ನೂ ಉಳಿಸಿಕೊಂಡರೆ, ತೀರಿಕೊಂಡವರ ಹೆಸರು ಉಳಿಯುತ್ತದೆ, ಬದುಕಿರುವವರ ನೆಮ್ಮದಿಯೂ ಕೆಡುವುದಿಲ್ಲ.